ಮಗುವಿನ ಜೊಲ್ಲು ಏನು ಹೇಳೀತು?

ಸಹೋದರಿ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂತಹ ಮಗುವೊಂದು ಇರಬಹುದು. ಮೂರು ವರ್ಷ ತುಂಬಿದರೂ ಮಾತಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಆಟಿಕೆ ಕಾರನ್ನು ಓಡಿಸುವುದು ಬಿಟ್ಟು ಅದರ ಚಕ್ರವನ್ನೇ ತಿರುಗಿಸುತ್ತಾ ಕೂರುತ್ತದೆ. ಇವು ಆಟಿಸಂನ ಲಕ್ಷಣಗಳಾಗಿರಬಹುದು.

ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಶಾಲೆಗೆ ಬಂದರು. ಅವರ ಕಿರಿಯ ಮಗನಿಗೆ ಇದೇ ತೊಂದರೆ. “ಟೀಚರ್, ಜೊಲ್ಲು ಪರೀಕ್ಷೆಯಲ್ಲೇ ಎಲ್ಲ ಗೊತ್ತಾಗುತ್ತದಂತೆ. ಆಮೇಲೆ ಆರು ತಿಂಗಳು ಪುಡಿ ಕೊಡುತ್ತಾರಂತೆ. ಬಳೆ ಅಡವಿಡಲೇ?” ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಆಮ್ಲಜನಕದಿಂದ. ನಮ್ಮ ದೇಹವೂ ಆಮ್ಲಜನಕ ಬಳಸಿ ಆಹಾರದಿಂದ ಶಕ್ತಿ ಪಡೆಯುತ್ತದೆ. ಆಗ ಒಲೆಯ ಕಿಡಿಗಳಂತೆ ಕೆಲವು ಹಾನಿಕಾರಕ ಕಣಗಳು ಹುಟ್ಟುತ್ತವೆ. ಅವನ್ನು ಆರಿಸಲು ಜೀವಕೋಶಗಳು ಗ್ಲುಟಾಥಿಯೋನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಕಿಡಿ ಹೆಚ್ಚಾಗಿ, ಆರಿಸುವ ಶಕ್ತಿ ಕಡಿಮೆಯಾದರೆ ಅದನ್ನು ‘ಆಕ್ಸಿಡೇಟಿವ್ ಒತ್ತಡ’ ಎನ್ನುತ್ತಾರೆ.

2004ರಲ್ಲಿ ಅಮೆರಿಕದ ಸಂಶೋಧಕಿ ಜಿಲ್ ಜೇಮ್ಸ್ ಮತ್ತು ಸಂಗಡಿಗರು ಆಟಿಸಂ ಇರುವ 20 ಮಕ್ಕಳ ರಕ್ತವನ್ನು ಇತರ 33 ಮಕ್ಕಳ ರಕ್ತದೊಂದಿಗೆ ಹೋಲಿಸಿದರು. ಮೊದಲಿನವರಲ್ಲಿ ಗ್ಲುಟಾಥಿಯೋನ್ ಕಡಿಮೆಯಿತ್ತು. ಆದರೆ ಮುಟ್ಟಿದರೇ ಬೆಚ್ಚಿಬೀಳುವ ಮಗುವಿಗೆ ಸೂಜಿ ಚುಚ್ಚುವುದು ಎಷ್ಟು ಕಷ್ಟ! ಹಾಗಾಗಿ ಸಂಶೋಧಕರು ಜೊಲ್ಲಿನತ್ತ ಗಮನ ಹರಿಸಿದರು. ನೋವಿಲ್ಲದೆ ಸಂಗ್ರಹಿಸಬಹುದಾದ ಜೊಲ್ಲಿನಲ್ಲೂ ಗ್ಲುಟಾಥಿಯೋನನ್ನು ಅಳೆಯಬಹುದು. ಕೊಬ್ಬಿನಂಶ ಹಾಳಾದಾಗ ಉಂಟಾಗುವ ಮ್ಯಾಲೋನ್‌ಡೈಆಲ್ಡಿಹೈಡನ್ನೂ ಅಳೆಯಬಹುದು.

ಹಾಗಾದರೆ ಪರೀಕ್ಷೆ ಮಾಡಿಸಬಹುದಲ್ಲ ಎನ್ನುತ್ತೀರಾ? ತಡೆಯಿರಿ. ಊಟ ಮಾಡಿದರೆ, ಹೊತ್ತು ಬದಲಾದರೆ, ವಸಡು ಊದಿಕೊಂಡರೆ ಜೊಲ್ಲಿನ ಅಂಶಗಳೂ ಬದಲಾಗುತ್ತವೆ. ಆಟಿಸಂ ಇರುವ ಅನೇಕ ಮಕ್ಕಳು ಹಲ್ಲುಜ್ಜಿಸಿಕೊಳ್ಳಲು ಒಪ್ಪುವುದಿಲ್ಲ. ಆದ್ದರಿಂದ ಕಂಡ ವ್ಯತ್ಯಾಸ ಬಾಯಿಯದೋ ಆಟಿಸಂನದೋ ಎಂದು ಬೇರ್ಪಡಿಸುವುದು ಕಷ್ಟ. ಮಧುಮೇಹ, ಅಸ್ತಮಾದಲ್ಲೂ ಈ ಒತ್ತಡ ಕಾಣುತ್ತದೆ. ಗುಂಪಿನ ಸರಾಸರಿ ಬೇರೆ, ನಿಮ್ಮ ಮಗು ಬೇರೆ. ಆಟಿಸಂ ಇದೆಯೋ ಇಲ್ಲವೋ ಎಂದು ನಿರ್ಧರಿಸುವ ಜೊಲ್ಲಿನ ಪರೀಕ್ಷೆಯಾಗಲಿ, ಅದನ್ನು ವಾಸಿಮಾಡುವ ಪುಡಿಯಾಗಲಿ ಇಂದಿಗೂ ಇಲ್ಲ. ಮಗುವಿನ ನಡವಳಿಕೆಯನ್ನು ಗಮನಿಸಿ, ತಂದೆ ತಾಯಿಯನ್ನು ವಿಚಾರಿಸಿಯೇ ವೈದ್ಯರು ತೀರ್ಮಾನಿಸುತ್ತಾರೆ.

ಇನ್ನೊಂದು ಮಾತು. ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆ ಎಂದು ಒಂದು ಕಾಲದಲ್ಲಿ ವೈದ್ಯರೇ ದೂರುತ್ತಿದ್ದರು. ಸ್ವತಃ ಇಂತಹ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಅದನ್ನು ಅಲ್ಲಗಳೆದರು. ಯಾರಾದರೂ ನಿಮ್ಮನ್ನು ದೂರಿದರೆ ತಲೆ ತಗ್ಗಿಸಬೇಡಿ.

ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಪಾಸಣೆ ಮತ್ತು ತರಬೇತಿ ಸಿಗುತ್ತದೆ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ‘ಮುಂದೆ ಮಾತು ಬಂದೀತು’ ಎಂದು ಕಾಯಬೇಡಿ. ತರಬೇತಿ ಬೇಗ ಶುರುವಾದಷ್ಟೂ ಒಳ್ಳೆಯದು.

ಆ ತಾಯಿ ಬಳೆ ಅಡವಿಡಲಿಲ್ಲ. ಮಗನನ್ನು ವಾರಕ್ಕೆರಡು ಬಾರಿ ಮಾತಿನ ತರಬೇತಿಗೆ ಕರೆದೊಯ್ಯುತ್ತಿದ್ದಾರೆ. ಅವನಿಗೆ ಇನ್ನೂ ಮಾತು ಬಂದಿಲ್ಲ. ಆದರೆ ಮೊನ್ನೆ ಬಾಯಾರಿದಾಗ ಅಳದೆ, ನೀರಿನ ಲೋಟದತ್ತ ಬೆರಳು ತೋರಿಸಿದನಂತೆ. ಅದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು.