ಕಾಯಿಲೆ ಎರಡಾದರೂ ಬಾಗಿಲು ಒಂದೇ ಇರಲಿ

‘ಮೊದಲು ಕುಡಿಯೋದು ಬಿಡಿಸಿ, ಆಮೇಲೆ ಕರ್ಕೊಂಡು ಬನ್ನಿ.’ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಹುಡುಕಿ ಹೊರಟ ಎಷ್ಟೋ ಮನೆಗಳವರು ಕೇಳಿರುವ ಮಾತಿದು. ವ್ಯಸನಮುಕ್ತಿ ಕೇಂದ್ರಕ್ಕೆ ಹೋದರೆ ಉತ್ತರ ತಿರುವುಮುರುವು: ‘ಇವರಿಗೆ ಮಾನಸಿಕ ತೊಂದರೆ ಇದೆ, ಅದನ್ನು ಮೊದಲು ತೋರಿಸಿ.’ ಅತ್ತಿಂದಿತ್ತ ಅಲೆದು ಸೋತ ತಾಯಿಯೋ ಹೆಂಡತಿಯೋ ಕೊನೆಗೆ ರೋಗಿಯನ್ನು ಮನೆಗೇ ಕರೆತರುತ್ತಾರೆ. ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ.

ವ್ಯಸನ ಮತ್ತು ಮನೋರೋಗ ಒಬ್ಬರಲ್ಲೇ ಜೊತೆಯಾಗಿ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಖಿನ್ನತೆಯಿಂದ ನಿದ್ದೆಗೆಟ್ಟವನು ಒಂದು ಕ್ವಾರ್ಟರ್ ಕುಡಿದು ಮಲಗುತ್ತಾನೆ. ಬೇಗ ಕಣ್ಣು ಮುಚ್ಚುತ್ತದೆ ನಿಜ, ಆದರೆ ಮದ್ಯದ ಅಮಲು ಇಳಿಯುತ್ತಲೇ ನಡುರಾತ್ರಿ ಎಚ್ಚರ, ಬೆಳಗ್ಗೆ ಇನ್ನಷ್ಟು ಕಳವಳ. ಅದನ್ನು ತಣಿಸಲು ಮತ್ತೆ ಕುಡಿತ. ಮನೋವಿಕಲತೆಯ ಒಲವಿರುವ ಹುಡುಗನಿಗೆ ಗಾಂಜಾ ಸಿಕ್ಕರೆ ಸಂಶಯ, ಕಿವಿಯಲ್ಲಿ ಕೇಳುವ ದನಿಗಳು ಬಲವಾಗುತ್ತವೆ. ಯಾವುದು ಮೊದಲು ಬಂತು ಎಂಬ ಜಗಳದಲ್ಲಿ ಅಮೂಲ್ಯ ಕಾಲ ಕಳೆದುಹೋಗುತ್ತದೆ.

ಎರಡನ್ನೂ ಒಂದೇ ತಂಡ ನೋಡಬೇಕು ಎನ್ನಲು ಗಟ್ಟಿ ಕಾರಣಗಳಿವೆ. ವಿಪರೀತ ಕುಡಿಯುವವರಲ್ಲಿ ಕಾಣುವ ಖಿನ್ನತೆ ಹಲವು ಸಲ ಮದ್ಯ ಬಿಟ್ಟ ಮೂರು ನಾಲ್ಕು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಈ ವ್ಯತ್ಯಾಸ ತಿಳಿಯುವುದು ರೋಗಿಯನ್ನು ಆ ವಾರಗಳುದ್ದಕ್ಕೂ ಕಂಡವರಿಗೆ ಮಾತ್ರ. ಮಾತ್ರೆಗಳ ವಿಷಯವೂ ಅಷ್ಟೇ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಕೆಲವರಲ್ಲಿ ಮನೋವಿಕಲತೆಯನ್ನು ಕೆರಳಿಸಬಹುದು. ಬೀಡಿ ಸಿಗರೇಟಿನ ಹೊಗೆ, ಮನೋವಿಕಲತೆಗೆ ಕೊಡುವ ಕ್ಲೋಜಪೈನ್ ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ತಗ್ಗಿಸುತ್ತದೆ. ಸೇದುವುದನ್ನು ಏಕಾಏಕಿ ನಿಲ್ಲಿಸಿದರೆ ಆ ಮಟ್ಟ ಏರಿ ಅಡ್ಡಪರಿಣಾಮಗಳು ಕಾಣಿಸಬಹುದು. ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ತೊಂದರೆ ರೋಗಿಗೆ.

‘ಮೊದಲು ಕುಡಿಯೋದು ಬಿಡಿಸಿ’ ಎಂದು ಮನೆಗೆ ಕಳಿಸುವುದರಲ್ಲೂ ಅಪಾಯವಿದೆ. ದಿನವೂ ಕುಡಿಯುವವರು ಥಟ್ಟನೆ ನಿಲ್ಲಿಸಿದಾಗ ಕೈ ನಡುಕ, ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ್ದು ಕಾಣುತ್ತದೆ, ಹೊತ್ತುಗೊತ್ತು ತಿಳಿಯುವುದಿಲ್ಲ. ಇದನ್ನು ಗಾಳಿ ಸೋಂಕೆಂದು ಮಂತ್ರಿಸಲು ಕರೆದೊಯ್ದರೆ ಪ್ರಾಣಕ್ಕೇ ಅಪಾಯ. ಬೇಕಾದದ್ದು ತುರ್ತಾಗಿ ಆಸ್ಪತ್ರೆ.

ಎರಡು ಕಾಯಿಲೆಗಳ ನಡುವಿನ ಗೋಡೆಯನ್ನು ಕಾನೂನು ಆಗಲೇ ಕೆಡವಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾದ ಮಾನಸಿಕ ಸ್ಥಿತಿಗಳೂ ಸೇರಿವೆ. ಆಡಳಿತದಲ್ಲಿ ಮಾತ್ರ ಗೋಡೆ ಉಳಿದಿದೆ: ಕೇಂದ್ರ ಸರ್ಕಾರದಲ್ಲಿ ವ್ಯಸನಿಗಳ ಪುನರ್ವಸತಿ ಕೇಂದ್ರಗಳು ಸಾಮಾಜಿಕ ನ್ಯಾಯ ಸಚಿವಾಲಯದ ಪಾಲು, ಮಾನಸಿಕ ಆರೋಗ್ಯ ಕಾರ್ಯಕ್ರಮ ಆರೋಗ್ಯ ಸಚಿವಾಲಯದ್ದು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ಮದ್ಯವ್ಯಸನಕ್ಕೆ ಚಿಕಿತ್ಸೆ ಸಿಗದವರ ಪ್ರಮಾಣ ಸುಮಾರು ಶೇ 86.

ನಮ್ಮ ರಾಜ್ಯದಲ್ಲಿ ಅಡಿಪಾಯ ಇಲ್ಲದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದ ಬಳ್ಳಾರಿ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗ ಮನೋವೈದ್ಯಕೀಯದೊಂದಿಗೆ ಒಂದೇ ಅಂಗಳದಲ್ಲಿದೆ. ಆ ಕೂಡಿಕೆ ತಾಲ್ಲೂಕು ಆಸ್ಪತ್ರೆಗೂ ಬರಬೇಕು. ಕುಡಿತದ ಬಗ್ಗೆ ಕೇಳಿದ ವೈದ್ಯರೇ ನಿದ್ದೆ, ಬೇಸರ, ಸಾಯುವ ಯೋಚನೆಯ ಬಗ್ಗೆಯೂ ಕೇಳಲಿ. ಒಂದೇ ಕಡತದಲ್ಲಿ ಎರಡೂ ದಾಖಲಾಗಲಿ. ಮದ್ಯವರ್ಜನ ಶಿಬಿರ ನಡೆಸುವವರು ಮೊದಲ ದಿನವೇ ಮನೋವೈದ್ಯರನ್ನು ಕರೆಸಲಿ. ಮತ್ತೆ ಕುಡಿದು ಬಂದವರನ್ನು ಬೈದು ಹೊರಗೆ ಕಳಿಸಬಾರದು, ಅವರಿಗೆ ಚಿಕಿತ್ಸೆ ಹೆಚ್ಚು ಬೇಕಿರುವುದೇ ಆಗ.

ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೋದಾಗ ‘ಎರಡಕ್ಕೂ ನೀವೇ ನೋಡ್ತೀರಾ?’ ಎಂದು ಧೈರ್ಯವಾಗಿ ಕೇಳಿ. ಅದು ಬೇಡಿಕೊಳ್ಳುವ ಮಾತಲ್ಲ, ಎರಡಕ್ಕೂ ಚಿಕಿತ್ಸೆ ಪಡೆಯುವುದು ಕಾನೂನು ಕೊಟ್ಟ ಹಕ್ಕು.