ಗಾಳಿಪಟ ಹಿಡಿದು ಕಡಲ ತೆರೆಯ ಮೇಲೆ

ಆಷಾಢಮಾಸ ಬಂದಿತೆಂದರೆ ಮಲ್ಲೇಶ್ವರದ ಆಟದ ಬಯಲುಗಳಲ್ಲಿಯೂ ಮನೆಗಳ ಮಹಡಿಗಳ ಮೇಲೆಯೂ ಗಾಳಿಪಟಗಳು ಏಳುತ್ತವೆ. ದೊಡ್ಡಬಳ್ಳಾಪುರದಲ್ಲಿ ಈ ಕಾಲಕ್ಕೆ ಪಟದ ಉತ್ಸವವೇ ನಡೆಯುವುದುಂಟು. ಗುಜರಾತಿನವರು ಸಂಕ್ರಾಂತಿಗೆ ಹಾರಿಸುವ ಪಟವನ್ನು ನಮ್ಮ ಹಿರಿಯರು ಆಷಾಢಕ್ಕೆ ಇಟ್ಟುಕೊಂಡುದು ಸುಮ್ಮನೆ ಅಲ್ಲ. ಬೆಂಗಳೂರಿನಲ್ಲಿ ವರ್ಷದ ಬಿರುಸಾದ ಗಾಳಿ ಬೀಸುವುದು ಆಗಲೇ. ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ನೈಋತ್ಯ ಮಾರುತದ ಪ್ರವಾಹ ಅತಿ ವೇಗವಾಗಿರುತ್ತದೆ. ಅದರ ಜಾಡನ್ನು ಆಫ್ರಿಕದ ಪೂರ್ವತೀರದಿಂದ ಭಾರತದವರೆಗೆ ಫಿಂಡ್ಲೇಟರ್ ಎಂಬ ಹವಾವಿಜ್ಞಾನಿ 1969ರಲ್ಲಿ ಗುರುತಿಸಿದನು. ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಊರು ಆ ಪ್ರವಾಹದ ಅಡಿಯಲ್ಲಿಯೇ ಇದೆ. ಗಾಳಿಯ ವೇಗ ಸೆಕೆಂಡಿಗೆ 12 ಮೀಟರ್ ಎಂದಿಟ್ಟುಕೊಂಡರೆ, ಬೆಳಗ್ಗೆ ಮೂಲ್ಕಿಯ ಕಡಲತೀರವನ್ನು ದಾಟಿದ ಗಾಳಿ ಏಳು ಗಂಟೆಗಳಲ್ಲಿ ಮಲ್ಲೇಶ್ವರವನ್ನು ಮುಟ್ಟುತ್ತದೆ.

ಹಾಗಿದ್ದರೆ ಆ ಕಡಲತೀರದಲ್ಲಿ ಪಟ ಹಾರಿಸುವುದು ಹೇಗಿರಬಹುದು? ಅದರಲ್ಲಿಯೂ, ಹಾರಿಸುವವನು ನೆಲದ ಮೇಲೆ ನಿಲ್ಲದೆ, ಕಾಲ ಕೆಳಗೆ ಒಂದು ಹಲಗೆಯನ್ನು ಇಟ್ಟುಕೊಂಡು ಮುರಿಯುವ ತೆರೆಯ ಮೇಲೆಯೇ ಸವಾರಿ ಮಾಡಿದರೆ? ಹೊರದೇಶಗಳಲ್ಲಿ ಇಂಥ ಆಟವೊಂದು ಬೆಳೆದು ಬಂದಿದೆ. ಅದಕ್ಕೆ ಕೈಟ್ ಸರ್ಫಿಂಗ್ ಎಂದು ಹೆಸರು. ಅದರ ಅತಿ ಕಠಿಣವಾದ ಬಗೆಯಾದ ತೆರೆಸವಾರಿಯ ಭೌತಶಾಸ್ತ್ರವನ್ನು ನಾವು ಇಲ್ಲಿ ವಿಚಾರಿಸೋಣ.

ಮೊದಲು ಒಂದು ಸರಳ ಪ್ರಶ್ನೆ. ದಾರ ಕಡಿದ ಪಟ ಬೀಳುವುದೇಕೆ? ಗಾಳಿಯೇನೋ ನಿಂತಿಲ್ಲ. ಆದರೆ ಕಡಿದ ಪಟ ಗಾಳಿಯೊಡನೆ ತಾನೂ ತೇಲಿಹೋಗುವುದರಿಂದ ಅದರ ಪಾಲಿಗೆ ಗಾಳಿಯೇ ಇಲ್ಲದಂತಾಗುತ್ತದೆ. ಪಟವನ್ನು ಎತ್ತುವುದು ಗಾಳಿಗೂ ಪಟಕ್ಕೂ ಇರುವ ವೇಗದ ವ್ಯತ್ಯಾಸ. ಆ ವ್ಯತ್ಯಾಸವನ್ನು ಉಳಿಸುವುದು ದಾರ. ದಾರದ ಕೆಳತುದಿಗೆ ಆಧಾರ ನಮ್ಮ ಕಾಲ ಕೆಳಗಿನ ನೆಲ. ಪಟದ ಸೂತ್ರ, ಬಾಲಂಗೋಚಿಗಳನ್ನು ಕುರಿತು ಹುಡುಗರು ಎಷ್ಟೋ ಚರ್ಚೆ ಮಾಡುತ್ತಾರೆ. ನೆಲದ ಉಪಕಾರವನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಕಡಲಿನಲ್ಲಿ ಆ ನೆಲವಿಲ್ಲ. ಅದರ ಕೆಲಸವನ್ನು ನೀರೇ ಮಾಡಬೇಕು. ಸವಾರನು ಹಲಗೆಯನ್ನು ಓರೆಯಾಗಿಸಿ ಅದರ ಅಂಚನ್ನು ನೀರಿಗೆ ಊರುತ್ತಾನೆ. ಗಾಳಿ ಪಟದ ಮೂಲಕ ಒಂದು ಕಡೆಗೆ ಎಳೆಯುತ್ತದೆ, ನೀರು ಅಂಚಿನ ಮೂಲಕ ಇನ್ನೊಂದು ಕಡೆಗೆ ತಡೆಯುತ್ತದೆ. ಒದ್ದೆಯಾದ ಹುಣಸೆ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ಅದು ಪಕ್ಕಕ್ಕೆ ಚಿಮ್ಮುವಂತೆ, ಹಲಗೆಯು ಗಾಳಿಗೆ ಅಡ್ಡಲಾಗಿ ಓಡುತ್ತದೆ. ಸ್ವಲ್ಪಮಟ್ಟಿಗೆ ಗಾಳಿಗೆ ಎದುರಾಗಿಯೂ ಹೋಗಬಲ್ಲದು. ನೀರು ಗಾಳಿಗಿಂತ 850 ಪಟ್ಟು ಸಾಂದ್ರವಾಗಿರುವುದರಿಂದ, 9 ಚದರ ಮೀಟರಿನ ಪಟದ ಎಳೆತವನ್ನು ತಡೆಯಲು ಹಲಗೆಯ ಅಂಚು ಮತ್ತು ಅದರ ಅಡಿಯ ಪುಟ್ಟ ರೆಕ್ಕೆಗಳು ಸಾಕಾಗುತ್ತವೆ.

ಪಟದ ಎಳೆತ ಎಷ್ಟೆಂಬುದನ್ನೂ ಲೆಕ್ಕ ಮಾಡಬಹುದು. ಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸೆಕೆಂಡಿಗೆ 8 ಮೀಟರ್ ಗಾಳಿಯಲ್ಲಿ ಸುಮ್ಮನೆ ನಿಂತ 9 ಚದರ ಮೀಟರಿನ ಪಟ ಸುಮಾರು 25 ಕಿಲೋಗ್ರಾಂ ತೂಕದಷ್ಟು ಎಳೆಯುತ್ತದೆ. ಅದೇ ಪಟವನ್ನು ಆಕಾಶದಲ್ಲಿ ರಭಸವಾಗಿ ಬೀಸಿ ಅದಕ್ಕೆ ತಗಲುವ ಗಾಳಿಯ ವೇಗವನ್ನು 16 ಮೀಟರಿಗೆ ಏರಿಸಿದರೆ ಎಳೆತ ನಾಲ್ಕರಷ್ಟಾಗುತ್ತದೆ. ಎಂದರೆ ನೂರು ಕಿಲೋಗ್ರಾಂ, ಒಬ್ಬ ಮನುಷ್ಯನನ್ನು ನೀರಿನಿಂದ ಎತ್ತಿಬಿಡುವಷ್ಟು. ಕಡಲಮಟ್ಟದ ಗಾಳಿ ಬೆಂಗಳೂರಿನ ಗಾಳಿಗಿಂತ ಸುಮಾರು ಹತ್ತನೆಯ ಒಂದು ಪಾಲು ಹೆಚ್ಚು ಸಾಂದ್ರವಾಗಿರುವುದೂ ಪಟಕ್ಕೆ ಅನುಕೂಲವೇ.

ಪಟದಿಂದ ದೋಣಿಯನ್ನು ಎಳೆಸುವ ಯತ್ನ ಹಳೆಯದು. ಸ್ಯಾಮ್ಯುಯೆಲ್ ಕೋಡಿ ಎಂಬಾತನು 1903ರಲ್ಲಿ ಪಟ ಕಟ್ಟಿದ ದೋಣಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದನು. ಆದರೆ ನೀರಿಗೆ ಬಿದ್ದ ಪಟವನ್ನು ಮತ್ತೆ ಏಳಿಸುವುದು ಹೇಗೆ? ಫ್ರಾನ್ಸಿನ ಲೆಗೆನ್ಯೂ ಸೋದರರು 1984ರಲ್ಲಿ ಗಾಳಿ ತುಂಬಿದ ಕೊಳವೆಗಳ ಚೌಕಟ್ಟುಳ್ಳ ಪಟಕ್ಕೆ ಹಕ್ಕುಪತ್ರ ಪಡೆದ ಮೇಲೆ ಈ ತೊಡಕು ಬಗೆಹರಿಯಿತು. ಅದು ಮುಳುಗುವುದಿಲ್ಲ, ದಾರವನ್ನೆಳೆದರೆ ನೀರಿನಿಂದ ತಾನಾಗಿ ಏಳುತ್ತದೆ.

ಇನ್ನು ತೆರೆಯ ವಿಚಾರ. ನಮ್ಮ ಪಶ್ಚಿಮ ಕರಾವಳಿಗೆ ಬರುವ ನೀಳವಾದ ತೆರೆಗಳಲ್ಲಿ ಅನೇಕವು ಹುಟ್ಟುವುದು ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಲ್ಲಿ. ಒಂದು ತೆರೆಗೂ ಇನ್ನೊಂದಕ್ಕೂ 12 ಸೆಕೆಂಡುಗಳ ಅಂತರವಿದ್ದರೆ, ಆಳವಾದ ನೀರಿನಲ್ಲಿ ಅದರ ತರಂಗದೂರ ಸುಮಾರು 225 ಮೀಟರ್, ವೇಗ ಸೆಕೆಂಡಿಗೆ ಸುಮಾರು 19 ಮೀಟರ್. ದಡದ ಹತ್ತಿರ ಆಳ ಕಡಮೆಯಾದಂತೆ ತೆರೆಯ ಕಾಲು ತೊಡರುತ್ತದೆ. ಎರಡೂವರೆ ಮೀಟರ್ ಆಳದಲ್ಲಿ ಅದರ ವೇಗ ಕೇವಲ 5 ಮೀಟರ್. ವೇಗ ತಗ್ಗಿದಂತೆ ಎತ್ತರ ಹೆಚ್ಚುತ್ತದೆ. ಎತ್ತರವು ಆಳದ ಐದನೆಯ ನಾಲ್ಕು ಪಾಲಿನಷ್ಟಾದಾಗ ತೆರೆ ಮುರಿಯುತ್ತದೆ.

ತೆರೆ ಇಡಿಯಾಗಿ ಒಮ್ಮೆಗೇ ಮುರಿದರೆ ಸವಾರನಿಗೆ ಪ್ರಯೋಜನವಿಲ್ಲ. ನೀರಿನಡಿಯ ಮರಳದಿಬ್ಬದ ಅಥವಾ ಬಂಡೆಯ ಅಂಚು ತೆರೆಗೆ ಓರೆಯಾಗಿದ್ದರೆ, ಮುರಿಯುವ ಬಿಂದುವು ಕತ್ತರಿಯ ಅಲಗುಗಳು ಕೂಡುವ ಬಿಂದುವಿನಂತೆ ಪಕ್ಕಕ್ಕೆ ಸರಿಯುತ್ತಾ ಹೋಗುತ್ತದೆ. ಓರೆ 45 ಡಿಗ್ರಿ ಇದ್ದರೆ ಆ ಬಿಂದುವಿನ ವೇಗ ಸೆಕೆಂಡಿಗೆ 7 ಮೀಟರ್. 30 ಡಿಗ್ರಿ ಇದ್ದರೆ 10 ಮೀಟರ್. ಇನ್ನೂ ಮುರಿಯದ ಇಳಿಜಾರಿನಲ್ಲಿ, ಹಿಂದೆ ಅಟ್ಟಿಬರುವ ನೊರೆಗೆ ಸಿಕ್ಕದೆ, ಈ ವೇಗದಲ್ಲಿ ಜಾರುವುದೇ ತೆರೆಸವಾರಿ.

ಈಗ ಎರಡನ್ನೂ ಕೂಡಿಸಿರಿ. ಇಲ್ಲಿಯೇ ಸೋಜಿಗವಿರುವುದು. ತೆರೆ ಪೂರ್ವದ ದಡದ ಕಡೆಗೆ 5 ಮೀಟರ್ ವೇಗದಲ್ಲಿ ಬರುತ್ತಿದೆ. ಗಾಳಿ ಉತ್ತರದಿಂದ ದಕ್ಷಿಣಕ್ಕೆ, ದಡದ ಉದ್ದಕ್ಕೆ, 9 ಮೀಟರ್ ವೇಗದಲ್ಲಿ ಬೀಸುತ್ತಿದೆ. ತೆರೆಯೂ ದಕ್ಷಿಣದ ಕಡೆಗೇ 45 ಡಿಗ್ರಿ ಓರೆಯಲ್ಲಿ ಮುರಿಯುತ್ತಿದೆ. ಆಗ ಸವಾರನು ಪೂರ್ವಕ್ಕೆ 5 ಮೀಟರ್, ದಕ್ಷಿಣಕ್ಕೆ 5 ಮೀಟರ್ ವೇಗದಲ್ಲಿ ಸಾಗುತ್ತಾನೆ. ಅವನಿಗೂ, ಅವನೊಡನೆ ಸಾಗುವ ಪಟಕ್ಕೂ ಉತ್ತರದಿಂದ ತಗಲುವ ಗಾಳಿ 4 ಮೀಟರ್ ಮಾತ್ರ. ಎದುರಿನಿಂದ, ಎಂದರೆ ಪೂರ್ವದಿಂದ, 5 ಮೀಟರ್. ಎರಡನ್ನೂ ಸದಿಶ ರೀತಿಯಲ್ಲಿ ಕೂಡಿಸಿದರೆ ಸುಮಾರು 6.4 ಮೀಟರ್. ವರ್ಗದ ನಿಯಮದಂತೆ ಎಳೆತ ಅರ್ಧಕ್ಕೆ ಇಳಿಯಿತು! ಓರೆ 30 ಡಿಗ್ರಿ ಆದರೆ ಮೂರನೆಯ ಒಂದು ಪಾಲಿಗಿಂತಲೂ ಕಡಮೆ. (ತರಗತಿಗಳಲ್ಲಿ ಸಾಪೇಕ್ಷ ವೇಗಕ್ಕೆ ನದಿ ದಾಟುವ ದೋಣಿಯ ಲೆಕ್ಕವನ್ನೇ ನಾವು ಅಧ್ಯಾಪಕರು ವರ್ಷವರ್ಷವೂ ಕೊಡುತ್ತೇವೆ, ಅದರ ಬದಲು ಇದನ್ನು ಕೊಟ್ಟರೆ ವಿದ್ಯಾರ್ಥಿಗಳು ನಿದ್ದೆ ಮಾಡಲಾರರು.)

ಎಂದರೆ ತೆರೆಯನ್ನು ಚೆನ್ನಾಗಿ ಹಿಡಿದಷ್ಟೂ ಸವಾರನು ತನ್ನ ಪಟದ ಗಾಳಿಯನ್ನು ತಾನೇ ಕದಿಯುತ್ತಾನೆ. ದಾರ ಕಡಿದ ಪಟದ ಗತಿ, ದಾರ ಕಡಿಯದೆಯೇ, ಅವನ ಪಟಕ್ಕೆ ಬರುತ್ತದೆ. ದಾರ ಸಡಿಲವಾದರೆ ಪಟ ಗೋತಾ ಹೊಡೆದು ಮುಂದಿನ ನೀರಿಗೆ ಬೀಳುತ್ತದೆ. ಹಿಂದಿನ ತೆರೆ ಅದರ ಮೇಲೆ ಮುರಿಯುತ್ತದೆ. ಇಪ್ಪತ್ತು ಮೀಟರಿಗೂ ಮೀರಿದ ಉದ್ದದ ನಾಲ್ಕು ದಾರಗಳು ನೊರೆಯಲ್ಲಿ ಮನುಷ್ಯನನ್ನು ಸುತ್ತಿಕೊಂಡರೆ ಆಗುವುದು ಆಟವಲ್ಲ. ಆದುದರಿಂದ ನುರಿತವರು ತೆರೆಯ ಬುಡಕ್ಕೆ ಇಳಿದೊಡನೆ ಹಲಗೆಯನ್ನು ತಿರುಗಿಸಿ ಶಿಖರದತ್ತ ಏರುತ್ತಾರೆ. ಗಾಳಿಯ ದಿಕ್ಕಿನ ಓಟ ಒಂದು ಕ್ಷಣ ಕುಗ್ಗುತ್ತದೆ, ದಾರ ಬಿಗಿಯುತ್ತದೆ, ಮತ್ತೆ ಇಳಿಯುತ್ತಾರೆ. ನೋಡುವವರಿಗೆ ಅಲಂಕಾರದಂತೆ ಕಾಣುವ ಈ ಏರಿಳಿತದಲ್ಲಿ ಪಟವನ್ನು ಬದುಕಿಸಿಕೊಳ್ಳುವ ಲೆಕ್ಕವೂ ಇದೆ. ತೆರೆಸವಾರಿಗೆಂದು ಹಗುರವಾದ ಪಟಗಳನ್ನೇ ಆರಿಸುವುದು, ಸಡಿಲ ದಾರದಲ್ಲಿಯೂ ಅವು ಬೀಳದೆ ತೇಲಲಿ ಎಂದು.

ಗಾಳಿ, ತೆರೆ, ಅಡಿನೆಲ ಈ ಮೂರೂ ಒಂದುಗೂಡುವ ಸ್ಥಳಗಳು ಅಪರೂಪ. ಆಫ್ರಿಕದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ ಕೇಪ್ ವರ್ಡೆಯ ಸಾಲ್ ದ್ವೀಪದ ಪೋಂಟಾ ಪ್ರೇಟಾ ಅಂಥದೊಂದು. ಈಶಾನ್ಯದ ವಾಣಿಜ್ಯ ಮಾರುತ ಬರಡಾದ ದ್ವೀಪವನ್ನು ದಾಟಿ ದಡದಿಂದ ಕಡಲಿಗೆ ಓರೆಯಾಗಿ ಬೀಸುತ್ತದೆ. ಉತ್ತರ ಅಟ್ಲಾಂಟಿಕ್‌ನ ತೆರೆಗಳು ದ್ವೀಪವನ್ನು ಬಳಸಿ ಬಂದು ಬಂಡೆಗಳ ಬಳಿ ಮುರಿಯುತ್ತವೆ. ಮೀಟು ಮೊಂಟೇರೊ, ಏರ್ಟನ್ ಕೊಝೊಲೀನೊ ಮೊದಲಾದ ಜಗಜ್ಜೇತರು ಬೆಳೆದುದು ಈ ದ್ವೀಪದಲ್ಲಿಯೇ.

ನಮ್ಮ ಕರಾವಳಿಯಲ್ಲಿ ಏಕೆ ಇದು ಬೆಳೆಯಲಿಲ್ಲ? ತೆರೆಸವಾರಿಗೆ ನಮ್ಮವರೇನೂ ಹೊಸಬರಲ್ಲ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆಯ ಬಳಿಯ ಮೂಲ್ಕಿಯಲ್ಲಿ ಈ ಶತಮಾನದ ಮೊದಲ ದಶಕದಿಂದಲೇ ಪಟವಿಲ್ಲದ ತೆರೆಸವಾರಿಯನ್ನು ಕಲಿಸುತ್ತಿದ್ದಾರೆ. ಸಸಿಹಿತ್ಲುವಿನಲ್ಲಿ 2016ರಲ್ಲಿ, ಪಣಂಬೂರಿನಲ್ಲಿ 2023ರಲ್ಲಿ ಅಖಿಲ ಭಾರತ ಸ್ಪರ್ಧೆಗಳು ನಡೆದವು. ಆ ಸ್ಪರ್ಧೆಗಳ ಕಾಲವನ್ನು ಗಮನಿಸಿರಿ: ಒಂದು ಮೇ ತಿಂಗಳ ಕೊನೆ, ಇನ್ನೊಂದು ಜೂನ್ ತಿಂಗಳ ಮೊದಲ ದಿನಗಳು. ತೆರೆ ಬೆಳೆದಿರಬೇಕು, ಮುಂಗಾರು ಇನ್ನೂ ಬಿರುಸಾಗಿರಬಾರದು. ಆ ಕಿರಿದಾದ ಸಂದಿಯಲ್ಲಿಯೇ ಸ್ಪರ್ಧೆ.

ಪಟಕ್ಕೆ ಆ ಸಂದಿಯೂ ಇಲ್ಲವೆನ್ನಬೇಕು. ಬೇಸಗೆಯ ಮಧ್ಯಾಹ್ನ ಬೀಸುವ ಕಡಲಗಾಳಿಯ ವೇಗ 5 ಮೀಟರ್ ಎಂದಾದರೆ, ಮೇಲಿನ ಲೆಕ್ಕದ 25 ಕಿಲೋಗ್ರಾಂ ಎಳೆತ 10ಕ್ಕೆ ಇಳಿಯುತ್ತದೆ. ಆಷಾಢದಲ್ಲಿ ಗಾಳಿ ಬೇಕಾದಷ್ಟು ಇದೆ. ಆದರೆ ಅದು ಪಶ್ಚಿಮ-ನೈಋತ್ಯದಿಂದ ನೇರವಾಗಿ ದಡದ ಕಡೆಗೆ ನುಗ್ಗುತ್ತದೆ. ಮೂರು ಮೀಟರಿಗೂ ಮಿಕ್ಕ ತೆರೆಗಳು ಅಡ್ಡಾದಿಡ್ಡಿಯಾಗಿ ಮುರಿಯುತ್ತವೆ, ಅಳಿವೆಗಳಲ್ಲಿ ನೆರೆನೀರು ಕಡಲಿಗೆ ಸೆಳೆಯುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅದು ಮೀನಿನ ಸಂತಾನದ ಸಲುವಾಗಿಯೂ ಹೌದು, ಆದರೆ ಆ ಕಡಲನ್ನು ಬಲ್ಲ ಮೊಗವೀರರಿಗೆ ಬೇರೆ ಕಾರಣವನ್ನು ಹೇಳಬೇಕಾಗಿಲ್ಲ.

ಇದೇ ಮಾರುತ ದಕ್ಷಿಣದ ತುದಿಯಲ್ಲಿ ಬೇರೆ ರೂಪ ತಾಳುತ್ತದೆ. ಪಶ್ಚಿಮ ಘಟ್ಟಗಳು ಮಳೆಯನ್ನು ಹಿಂಡಿಕೊಂಡು ಗಾಳಿಯನ್ನು ಮಾತ್ರ ಆಚೆಗೆ ಬಿಡುತ್ತವೆ; ಆರಾಲ್ವಾಯ್‌ಮೊಳಿ ಕಣಿವೆಯ ಮುಪ್ಪಂದಲಿನಲ್ಲಿ ವಿದ್ಯುತ್ತಿನ ಗಾಳಿಯಂತ್ರಗಳು ಕಾಡಿನಂತೆ ನಿಂತಿರುವುದು ಇದಕ್ಕಾಗಿಯೇ. 1964ರ ಡಿಸೆಂಬರಿನ ಚಂಡಮಾರುತದಲ್ಲಿ ನಾಶವಾದ ಧನುಷ್ಕೋಟಿಯ ಆಸುಪಾಸಿನ ರಾಮೇಶ್ವರದ ತೀರದಲ್ಲಿ ಈಗ ಪಟದ ಆಟವನ್ನು ಕಲಿಸುತ್ತಾರೆ. ಅಲ್ಲಿ ಬೇಸಗೆಯಲ್ಲಿ ನೈಋತ್ಯದ, ಚಳಿಗಾಲದಲ್ಲಿ ಈಶಾನ್ಯದ ಗಾಳಿಯಿದೆ, ಆಳವಿಲ್ಲದ ಶಾಂತ ನೀರಿದೆ, ದೊಡ್ಡ ತೆರೆಯಿಲ್ಲ. ತೆರೆ ಬೇಕಾದವರು ತೂತುಕುಡಿ ಜಿಲ್ಲೆಯ ಮಣಪ್ಪಾಡಿಗೆ ಹೋಗುತ್ತಾರೆ. ಅಲ್ಲಿ ದಡ ಈಶಾನ್ಯಕ್ಕೆ ಓಡುವುದರಿಂದ ನೈಋತ್ಯದ ಗಾಳಿ ಬಹುಮಟ್ಟಿಗೆ ದಡದ ಉದ್ದಕ್ಕೇ ಬೀಸುತ್ತದೆ, ದಕ್ಷಿಣದ ತೆರೆಗಳು ಮುಂಚಾಚಿದ ಭೂಶಿರವನ್ನು ಬಳಸಿ ಬಾಗುತ್ತವೆ.

ಹೋಗುವವರು ಮೊದಲು ಕಲಿಯಬೇಕಾದುದು ಹಾರಿಸುವುದನ್ನಲ್ಲ, ಬಿಡುವುದನ್ನು. ಸವಾರನ ಸೊಂಟಪಟ್ಟಿಗೆ ಎರಡು ಬಿಡುಗಡೆಯ ಕೊಂಡಿಗಳಿರುತ್ತವೆ. ಮೊದಲನೆಯದನ್ನು ತಳ್ಳಿದರೆ ಪಟ ಒಂದೇ ದಾರದಲ್ಲಿ ಜೋತು ಬಲ ಕಳೆದುಕೊಳ್ಳುತ್ತದೆ. ಎರಡನೆಯದನ್ನು ತಳ್ಳಿದರೆ ಪೂರ್ತಿಯಾಗಿ ಹೋಗುತ್ತದೆ. ಪಟ ದುಬಾರಿಯೆಂದು ಎರಡನೆಯದಕ್ಕೆ ಕೈ ಹಾಕಲು ಹಿಂಜರಿಯುವವರುಂಟು. ದಡದಲ್ಲಿ ಪಟ ಏಳಿಸುವಾಗ ಗಾಳಿಯ ಕೆಳಬದಿಯಲ್ಲಿ ದಾರದ ಎರಡರಷ್ಟು ಉದ್ದ, ಎಂದರೆ ಸುಮಾರು 50 ಮೀಟರ್, ಮನುಷ್ಯರಾಗಲಿ ಮರಗಳಾಗಲಿ ದೋಣಿಗಳಾಗಲಿ ಇರದಂತೆ ನೋಡಿಕೊಳ್ಳುತ್ತಾರೆ. ಗಾಳಿ ನೇರವಾಗಿ ಕಡಲ ಕಡೆಗೆ ಬೀಸುವ ದಿನ, ಹಿಂದಕ್ಕೆ ಕರೆತರಲು ದೋಣಿ ಕಾದಿರದಿದ್ದರೆ, ಪಟವನ್ನು ಬಿಚ್ಚುವುದೇ ಇಲ್ಲ.