ನಿಮಗಿದು ಗೊತ್ತೆ? ಕಾರ್ಡಿನ ವಯಸ್ಸು ಹೇಳುವ ಜಾಹೀರಾತು!

ಶತಮಾನದ ಹಿಂದೆ ಅಮೆರಿಕದಲ್ಲಿ ಸಿಗರೇಟ್ ಪ್ಯಾಕ್ ಕೊಂಡವರಿಗೆ ಬೇಸ್‌ಬಾಲ್ ಆಟಗಾರನ ಬಣ್ಣದ ಚಿತ್ರವಿರುವ ಪುಟ್ಟ ಕಾರ್ಡು ಉಚಿತ! ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಹೊರತಂದ ‘ಟಿ206’ ಸರಣಿ ಇವುಗಳಲ್ಲಿ ಬಲು ಪ್ರಸಿದ್ಧ. ಮುಂಬದಿಯಲ್ಲಿ ಆಟಗಾರನ ಹೆಸರು, ತಂಡವಿದೆ, ಇಸವಿ ಇಲ್ಲ. ಮತ್ತೆ, ಯಾವ ಕಾರ್ಡು ಯಾವಾಗಿನದೆಂದು ತಿಳಿಯುವುದು ಹೇಗೆ?

ಹಿಂಬದಿಯ ಜಾಹೀರಾತೇ ಸುಳಿವು. ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಮುಂತಾದ ಸಿಗರೇಟುಗಳ ಜಾಹೀರಾತಿನಲ್ಲಿ ‘150 ಸಬ್ಜೆಕ್ಟ್ಸ್’ (ಅಂದರೆ 150 ಚಿತ್ರಗಳು) ಎಂದಿದ್ದರೆ ಅದು ಮೊದಲ ಹಂತದ ಮುದ್ರಣ. ‘350’ ಎಂದಿದ್ದರೆ 1910ರ ಸುಮಾರಿನದು. ‘460’ ಇದ್ದರೆ ಕೊನೆಯ ಹಂತದ್ದು. ಸಿಗರೇಟ್ ಕಾರ್ಖಾನೆಯ ಸಂಖ್ಯೆಯೂ ಅಲ್ಲೇ ಇರುತ್ತದೆ: ‘25’ ಎಂದರೆ ವರ್ಜೀನಿಯಾ, ‘30’ ಎಂದರೆ ನ್ಯೂಯಾರ್ಕ್.

ಇದೇ ಸರಣಿಯ ಆಟಗಾರ ಹೋನಸ್ ವ್ಯಾಗ್ನರ್ ಚಿತ್ರದ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರ್‌ಗೆ ಮಾರಾಟವಾಯಿತು!